ಕೂತು ಕೇಳುವ ಹತ್ತು ಜನ

ನಮ್ಮವರಿಗೆ ಯಾವ ವಿಷಯವನ್ನೂ ಅದರ ಅಳತೆಯಲ್ಲಿ ಹೇಳಿ ಅಭ್ಯಾಸವಿಲ್ಲ. ಮನೆ ಮುಂದಿನ ಮೋರಿ ಕಟ್ಟಿಕೊಂಡರೆ ಅದು ಅವರ ಬಾಯಲ್ಲಿ 'ನೆರೆ ಹಾವಳಿ.' ಅವರು ಗುಮಾಸ್ತರಾಗಿರುವ ವಿಜಯನಗರದ ಸಹಕಾರಿ ಬ್ಯಾಂಕಿನಲ್ಲಿ ಮ್ಯಾನೇಜರು ಒಮ್ಮೆ 'ಕೊಟ್ರೇಶ್, ಪೆನ್ ಇದೆಯಾ?' ಎಂದು ಕೇಳಿದ್ದರು. ಆ ಮಾತು ಸಂಜೆ ಮೆಟ್ರೋ ಹತ್ತಿ ಕೆಂಗೇರಿ ಉಪನಗರದ ನಮ್ಮ ಮನೆ ಮುಟ್ಟುವ ಹೊತ್ತಿಗೆ 'ಮ್ಯಾನೇಜ್‌ಮೆಂಟು ನನ್ನ ನೆರವು ಕೋರಿತು' ಎಂದಾಗಿತ್ತು. ಇಂಥವರ ಕೈಗೆ ನಿಜವಾಗಿಯೂ ಹೆಮ್ಮೆಪಡುವಂಥ ಸಂಗತಿಯೊಂದು ಸಿಕ್ಕಿದರೆ ರಸ್ತೆಯ ಜನ ಏನೇನು ಅನುಭವಿಸಬೇಕಾಗುತ್ತದೆ ಎಂಬುದಕ್ಕೆ ಈ ವೃತ್ತಾಂತವೇ ಸಾಕ್ಷಿ.

ನಮ್ಮ ಮಗಳು ಸೌಮ್ಯಶ್ರೀ ರಾಜಾಜಿನಗರದ ಒಂದು ಸಣ್ಣ ಸ್ಟುಡಿಯೋದಲ್ಲಿ ಧ್ವನಿಮುದ್ರಣದ ಕೆಲಸ ಮಾಡುತ್ತಾಳೆ. ಅವಳಿಗೆ ತನ್ನ ಅಜ್ಜಿಯ ಬೀಸುವ ಪದಗಳನ್ನು ಮುದ್ರಿಸಬೇಕೆಂದು ಮನಸ್ಸಾಯಿತು. ಅಜ್ಜಿ ಎಂದರೆ ನಮ್ಮ ಅತ್ತೆ, ಕೊಟ್ಟೂರು ಕಡೆಯ ಕಲ್ಯಾಣಮ್ಮನವರು. ಬೀಸುಕಲ್ಲು ಇಲ್ಲದೆ ಅವರು ಬಾಯಿ ತೆರೆಯುವುದಿಲ್ಲ. "ಕೈ ತಿರುಗಲಿಲ್ಲ ಅಂದ್ರ ಪದ ಹೆಂಗ ಬರತೈತಿ?" ಎಂಬುದು ಅವರ ಸಂಗೀತಶಾಸ್ತ್ರ. ಹೀಗಾಗಿ ಕಲ್ಲೂ ಮೆಟ್ರೋ ಹತ್ತಿತು. ತಪಾಸಣೆಯವರು "ಏನಮ್ಮಾ ಇದು?" ಎಂದದ್ದಕ್ಕೆ ಸೌಮ್ಯ "ವಾದ್ಯ" ಎಂದಳಂತೆ. "ಎಲ್ಲಿ, ನುಡಿಸಿ" ಎಂದರಂತೆ. ಅತ್ತೆ ಅಲ್ಲೇ ಕಾಲು ಚಾಚಿ ಕೂತು ನುಡಿಸಿದರಂತೆ. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದ ಮೇಲೆ ಕಲ್ಲನ್ನು ಒಳಗೆ ಬಿಟ್ಟರಂತೆ.

ಮುದ್ರಣ ಮುಗಿದು ಒಂದೇ ಒಂದು ಡಿಸ್ಕ್ ತಯಾರಾಯಿತು. ಹೈ-ರೆಸಲ್ಯೂಷನ್ ಡಿಸ್ಕ್. ಫೋನಿಗೆ ಹಾಡು ಕಳಿಸುವಾಗ ಸಾಮಾನ್ಯವಾಗಿ ದನಿಯನ್ನು ಹಿಂಡಿ, ಮಡಚಿ, ತುರುಕಿ ಕಳಿಸುತ್ತಾರಂತೆ. ಈ ಡಿಸ್ಕಿನಲ್ಲಿ ಹಿಂಡುವ ಕೆಲಸವಿಲ್ಲ. ಹಾಡುವವರ ಉಸಿರು, ಬಳೆ, ಕಲ್ಲಿನಡಿ ಜೋಳ ನುರಿಯುವ ಸದ್ದು ಎಲ್ಲವೂ ಅದರದರ ಜಾಗದಲ್ಲೇ ಕೂತಿರುತ್ತದೆ. ಇದನ್ನು ಸೌಮ್ಯ ನನಗೆ ಮೂರು ಸಲ ವಿವರಿಸಿದಳು. ನಮ್ಮವರು ಒಂದೇ ಸಲ ಕೇಳಿ ಇಡೀ ಬ್ಯಾಂಕಿಗೆ ವಿವರಿಸಿದರು.

ಸ್ಟುಡಿಯೋ ಮಾಲೀಕ ಮೋಹನ್ ಕುಮಾರ್ ಒಳ್ಳೆಯ ಮನುಷ್ಯ. ಆದರೆ ಭರವಸೆ ಕಳೆದುಕೊಂಡ ಮನುಷ್ಯ. ಡಿಸ್ಕ್ ಹಾಕುವ ಪ್ಲೇಯರು ಮತ್ತು ಎರಡು ಸ್ಪೀಕರನ್ನು ತಾವೇ ಕಾರಿನಲ್ಲಿ ತಂದು ನಮ್ಮ ಹಾಲಿನಲ್ಲಿ ಜೋಡಿಸಿ, ಕಾಫಿ ಕುಡಿಯುತ್ತಾ ಹೇಳಿದರು:

"ನೋಡಿ ಸಾರ್, ಡಿಸ್ಕ್ ಕಥೆ ಮುಗೀತು ಅಂತ ಎಲ್ರೂ ಹೇಳ್ತಾರೆ. ಡಿಸ್ಕ್ ಚೆನ್ನಾಗಿಲ್ಲ ಅಂತಲ್ಲ, ಕೂತು ಕೇಳೋರಿಲ್ಲ. ನಿಮ್ಮ ಮಗಳು ಐನೂರು ಅಚ್ಚು ಹಾಕಿಸಿ ಅಂತಾಳೆ. ನಂಗೆ ಹತ್ತು ಜನ ತೋರಿಸಿ. ಮಾಮೂಲಿ ಮನೆ ಜನ. ನಲವತ್ತು ನಿಮಿಷ ಫೋನ್ ಮುಟ್ಟದೆ, ಮಾತಾಡದೆ, ಎದ್ದು ಹೋಗದೆ ಕೂತು ಕೇಳ್ಲಿ. ನಾಳೆನೇ ಅಚ್ಚಿಗೆ ಕೊಡ್ತೀನಿ. ಇಲ್ಲಾಂದ್ರೆ ಅಜ್ಜಿ ಫೋನಲ್ಲೇ ಇರ್ಲಿ, ಬಿಟ್ಬಿಡಿ."

"ಹತ್ತಾ?" ಎಂದರು ನಮ್ಮವರು, ಅವಮಾನವಾದವರಂತೆ. "ನಮ್ಮ ರಸ್ತೆಗೆ ರಸ್ತೆನೇ ಕೂರುತ್ತೆ ಸಾರ್. ಭಾನುವಾರ ನಾಲ್ಕು ಗಂಟೆಗೆ ಬನ್ನಿ."

ಸೌಮ್ಯ ನನ್ನ ಹಿಂದೆ ಅಡುಗೆಮನೆಗೆ ಬಂದಳು. ಎರಡು ವರ್ಷದ ದುಡಿಮೆಯಲ್ಲಿ ಅವಳದೇ ಎನ್ನುವ ಕೆಲಸ ಅದೊಂದೇ.

"ಅಮ್ಮ, ಅಪ್ಪ ಯಾವತ್ತಾದ್ರೂ ಹತ್ತು ಜನಾನ ಸುಮ್ನೆ ಕೂರಿಸಿದಾರಾ?"

"ನಮ್ಮ ಮದುವೆಲಿ ಅಯ್ನೋರನ್ನೇ ಸುಮ್ನೆ ಕೂರಿಸ್ಲಿಲ್ಲ ಕಣೇ," ಎಂದೆ.

ನಮ್ಮವರು ಅಷ್ಟರಲ್ಲಿ ರಸ್ತೆಯ ವಾಟ್ಸಾಪ್ ಗುಂಪಿಗೆ ಆಹ್ವಾನ ಕಳಿಸಿ ಆಗಿತ್ತು: 'ಧ್ವನಿಯ ಭವಿಷ್ಯವು ನಮ್ಮ ಮನೆಗೆ ಆಗಮಿಸಿದೆ. ಇಂಥ ಶಕ್ತಿಶಾಲಿ ಯಂತ್ರ ಇಡೀ ಉಪನಗರದಲ್ಲೇ ಇನ್ನೊಂದಿಲ್ಲ. ಭಾನುವಾರ ನಾಲ್ಕಕ್ಕೆ ಬಂದು ಅನುಭವಿಸಿ.'

ರಸ್ತೆಯ ಜನ ಬುದ್ಧಿವಂತರು. ಶಕ್ತಿಶಾಲಿ ಧ್ವನಿಯಂತ್ರ ಎಂದರೆ ಏನೆಂದು ಗಣೇಶನ ಹಬ್ಬಕ್ಕೊಮ್ಮೆ, ಅಣ್ಣಮ್ಮನ ಉತ್ಸವಕ್ಕೊಮ್ಮೆ ಎದೆಗೂಡಿನಲ್ಲೇ ಕಂಡುಕೊಂಡವರು. ಮೊದಲು ಬಂದವರು ಎದುರುಮನೆಯ ಹನುಮಕ್ಕ. ಹಳೇ ಕೆಂಗೇರಿಯವರು. ಈ ಬಡಾವಣೆ ಬರುವ ಮುಂಚಿನಿಂದ ಇಲ್ಲಿದ್ದು, ಇಂದಿಗೂ ಒಂದು ಹಸು ಕಟ್ಟಿಕೊಂಡಿದ್ದಾರೆ.

"ಏನ್ ಸಾರ್, ಡಿಜೆ ತಂದಿದೀರಂತೆ? ನಮ್ಮ ಗೌರಿ ಇವತ್ತೋ ನಾಳೆನೋ ಅಂತ ತುಂಬಿ ನಿಂತವ್ಳೆ. ನಿಮ್ ಡಬ್ಬ ಡಬ ಡಬ ಅಂದು ಕರು ಎತ್ಲಾಗಾದ್ರೂ ತಿರುಗಿಕೊಂಡ್ರೆ?"

"ಡಬ ಡಬ ಅನ್ನಲ್ಲ ಹನುಮಕ್ಕ. ಇದರಲ್ಲಿ ಉಸಿರು ಕೂಡ ಕೇಳಿಸುತ್ತೆ."

"ಉಸಿರೇ ಅಷ್ಟು ಜೋರಾಗಿ ಕೇಳಿದ್ರೆ ಹಾಡು ಇನ್ನೆಷ್ಟು ಜೋರಿರಬೇಕು!" ಎಂದು ಹನುಮಕ್ಕ ಎದೆ ಹಿಡಿದುಕೊಂಡು ಹೋದರು. ತರ್ಕದಲ್ಲಿ ತಪ್ಪಿರಲಿಲ್ಲ.

ಮಾರನೆಯ ದಿನ ಬಡಾವಣೆ ಸಂಘದ ಅಧ್ಯಕ್ಷ ಗಿರಿರಾಜ್ ಅವರ ದೂರಿನ ಮೇಲೆ ಕಾನ್‌ಸ್ಟೇಬಲ್ ಭೈರೇಶ್ ಬಂದರು. ಹಾಲಿನ ಮೂಲೆಯಲ್ಲಿದ್ದ ಪ್ಲೇಯರನ್ನೂ ಎರಡು ಪುಟ್ಟ ಸ್ಪೀಕರುಗಳನ್ನೂ ನೋಡಿದರು. ಪರದೆಯ ಹಿಂದೆ ನೋಡಿದರು. ದಿವಾನದ ಕೆಳಗೆ ಲಾಠಿ ಆಡಿಸಿದರು.

"ಮಿಕ್ಕಿದ್ದೆಲ್ಲಿ ಸಾರ್?"

"ಇರೋದೇ ಇಷ್ಟು."

"ಇದನ್ನ ನೋಡೋಕೆ ಮೈಸೂರು ರೋಡ್ ಟ್ರಾಫಿಕ್ಕಲ್ಲಿ ಬಂದ್ನಾ ನಾನು?"

"ಬಂದದ್ದು ಒಳ್ಳೇದೇ ಆಯ್ತು," ಎಂದು ನಮ್ಮವರು ಕುರ್ಚಿ ಎಳೆದು ಕೂರಿಸಿದರು. "ನಮಗೆ ಸದ್ದು ಮಾಡೋಕೆ ಪರ್ಮಿಷನ್ ಬೇಡ ಸಾರ್. ಭಾನುವಾರ ನಾಲ್ಕರಿಂದ ರಸ್ತೆಯಲ್ಲಿ ಯಾರೂ ಸದ್ದು ಮಾಡದೇ ಇರೋಕೆ ಪರ್ಮಿಷನ್ ಕೊಡಿ."

ಭೈರೇಶ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ನನ್ನ ಸರ್ವೀಸಲ್ಲಿ ಇಂಥದ್ದು ಯಾರೂ ಕೇಳಿಲ್ಲ. ಗಲಾಟೆ ಆದ್ರೆ ನಿಲ್ಲಿಸ್ಬೋದು. ಗಲಾಟೆ ಇಲ್ದೇ ಇರೋದನ್ನ ಕಾಯೋಕೆ ನಮ್ಮಲ್ಲಿ ಸೆಕ್ಷನ್ನೇ ಇಲ್ಲ."

ಇಲಾಖೆ ಕೈಬಿಟ್ಟದ್ದರಿಂದ ನಮ್ಮವರು ತಾವೇ ರಂಗಕ್ಕಿಳಿದರು. ಸೊಪ್ಪಿನ ಗಾಡಿಯವನಿಗೆ ಅವನ ಮೈಕು ಬಂದ್ ಮಾಡುವಂತೆ ಕೈಮುಗಿದರು. ಎಡಬಲದ ಮನೆಗಳಿಗೆ ಹೋಗಿ ಭಾನುವಾರ ಸಂಜೆ ಕುಕ್ಕರ್ ಕೂಗಿಸಬೇಡಿ, ಮಿಕ್ಸಿ ಹಾಕಬೇಡಿ, ಸೀನು ಬಂದರೆ ಹಿಂದಿನ ಬಾಗಿಲಿಗೆ ಹೋಗಿ ಎಂದು ವಿನಂತಿಸಿದರು. ಬೀದಿನಾಯಿಗೆ ಆ ಹೊತ್ತಿಗೆ ನಿದ್ದೆ ಬರುವಷ್ಟು ಮೊಸರನ್ನದ ಏರ್ಪಾಡು ಮಾಡಿದರು. ಗೌರಿಯ ಕೊರಳಗಂಟೆಗೆ ಬಟ್ಟೆ ಸುತ್ತಿದರು.

ಗಿರಿರಾಜ್ ಇದಕ್ಕೆಲ್ಲ ಒಂದೇ ಅರ್ಥ ಕಂಡರು. ಸಂಘದ ಸಭೆಯಲ್ಲಿ ಮೇಜು ಗುದ್ದಿದರಂತೆ: "ಎಲ್ರೂ ಬಾಯಿ ಮುಚ್ಕೋಬೇಕಂತೆ, ಅವ್ರೊಬ್ರೇ ಕಿರುಚಬೇಕಂತೆ! ಕರೆಕ್ಟಾಗಿ ನಾಲ್ಕೂಕಾಲಿಗೆ ಎಲ್ಲಾ ಸೇರಿ ಹೋಗಿ ಪ್ಲಗ್ ಕೀಳೋಣ."

ಈ ಸಂಚು ತಿಳಿಯದ ನಮ್ಮವರು ಶನಿವಾರ ಡಿಸ್ಕಿನ ಮುಖಪುಟವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಲು ಹೋದರು. ಮುಖಪುಟವೆಂದರೆ ಅತ್ತೆಯ ನಗುಮೊಗದ ಫೋಟೋ. ಕಟ್ಟಿನ ಅಂಗಡಿಯವನು ಭಕ್ತಿಯಿಂದ ತಗೊಂಡು ಕೇಳಿದನಂತೆ:

"ತಾಯಿಯವ್ರಾ ಸಾರ್? ಹೆಸರು ಹಾಕ್ತೀನಿ. ಕೆಳಗೆ ಡೇಟ್ ಯಾವುದು ಹಾಕ್ಲಿ?"

"ನಾಳೆದು ಹಾಕಪ್ಪ."

"ನಾಳೆದಾ?"

"ಹೌದು, ಭಾನುವಾರ ನಾಲ್ಕು ಗಂಟೆಗೆ. ಎಲ್ಲಾ ಫಿಕ್ಸ್ ಆಗಿದೆ. ಜನಕ್ಕೂ ಹೇಳಿ ಆಯ್ತು."

ಅಂಗಡಿಯವನು ಆಮೇಲೆ ಒಂದು ಮಾತೂ ಆಡದೆ ಕೆಲಸ ಮಾಡಿಕೊಟ್ಟನಂತೆ. "ಎಷ್ಟು ಮರ್ಯಾದೆ ಕಣೇ ಕಲೆಗೆ!" ಎಂದು ನಮ್ಮವರು ಮನೆಗೆ ಬಂದು ಬೀಗಿದರು.

ಭಾನುವಾರ ಬಂತು. ಹೊಸ ಯಂತ್ರ ಪೂಜೆಯಿಲ್ಲದೆ ತಿರುಗಕೂಡದೆಂದು ಅತ್ತೆ ಪಟ್ಟು ಹಿಡಿದರು. ಪ್ಲೇಯರಿಗೆ ವಿಭೂತಿ ಬಳಿದು, ಹೂವಿಟ್ಟು, ಊದುಬತ್ತಿ ಹಚ್ಚಿ, ಎರಡೂ ಕಡೆ ದೀಪ ಇಟ್ಟರು. ನಮ್ಮವರು ಹೊಸ ಫೋಟೋವನ್ನು ಪ್ಲೇಯರಿನ ಹಿಂದೆ ಬಾಗಿಲಿಗೆ ನೇರವಾಗಿ ನಿಲ್ಲಿಸಿದರು. ಸೋಫಾ ಹೊರಗೆ ಹೋಯಿತು, ಜಮಖಾನೆ ಒಳಗೆ ಬಂತು. ಮೂರೂವರೆಗೆ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು.

"ನಾ ಮಾಳಿಗಿ ಮ್ಯಾಲ ಹಪ್ಪಳ ಕಾಯ್ತೀನಿ. ನನ್ನ ದನಿ ನಾನ ಕೇಳ್ಕೊಂತ ಕುಂದ್ರಾಕ ನನಗ ನಾಚಿಕಿ."

ನಾಲ್ಕು ಗಂಟೆಗೆ ಮೋಹನ್ ಕುಮಾರ್ ಬಂದರು. ರಸ್ತೆ ನಿಶ್ಶಬ್ದವಾಗಿತ್ತು. ಕೆಂಗೇರಿ ಹುಟ್ಟಿದಾಗಿನಿಂದ ಅಂಥ ನಿಶ್ಶಬ್ದ ಅಲ್ಲಿ ಇದ್ದಿರಲಾರದು. ಆದರೆ ಜನವೂ ಇರಲಿಲ್ಲ. ಕಿವಿ ಹೋದೀತೆಂಬ ಹೆದರಿಕೆಯಿಂದ ಕರೆದವರೆಲ್ಲ ಬಾಗಿಲು ಕಿಟಕಿ ಭದ್ರ ಮಾಡಿ ಒಳಗೆ ಕೂತಿದ್ದರು. ಬಂದವರು ಹನುಮಕ್ಕ ಒಬ್ಬರೇ, ಅದೂ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು.

"ಒಂದು," ಎಂದರು ಮೋಹನ್ ಕುಮಾರ್, ಬೇಸರದಿಂದ.

"ಬರ್ತಾರೆ ಸಾರ್, ಟ್ರಾಫಿಕ್ಕು," ಎಂದರು ನಮ್ಮವರು. ಎದುರುಮನೆಯಿಂದ ಬರುವವರಿಗೂ ಟ್ರಾಫಿಕ್ಕು! ಸೌಮ್ಯ ತಲೆ ತಗ್ಗಿಸಿಕೊಂಡೇ ಡಿಸ್ಕ್ ಹಾಕಿದಳು.

ಕಲ್ಲು ತಿರುಗಿತು. ನಾನು ಇಪ್ಪತ್ತೈದು ವರ್ಷದಿಂದ ಕೇಳುತ್ತಿರುವ ಕಲ್ಲು. ಆದರೂ ತಿರುಗಿ ನೋಡಿದೆ, ಅತ್ತೆ ಕೆಳಗಿಳಿದು ಬಂದು ಬೀಸುತ್ತಿದ್ದಾರೇನೋ ಎಂದು. ಜೋಳ ನುರಿಯಿತು. ಬಳೆ ಒಂದಕ್ಕೊಂದು ತಾಕಿತು. ಉಸಿರೊಂದನ್ನು ಎಳೆದುಕೊಂಡು ದನಿ ಎದ್ದು ಹಾಲಿನ ನಡುವೆ ಬಂದು ನಿಂತಿತು. ಹನುಮಕ್ಕ ಒಂದು ಕಿವಿಯ ಹತ್ತಿ ತೆಗೆದರು. ಆಮೇಲೆ ಇನ್ನೊಂದು.

ಅದೇ ಹೊತ್ತಿಗೆ ಗಿರಿರಾಜ್ ತಂಡ ನಮ್ಮ ರಸ್ತೆಗೆ ತಿರುಗಿತು. ಸಂಘದ ಪದಾಧಿಕಾರಿಗಳು, ಅವರ ಹೆಂಡತಿಯರು, ಪ್ಲಗ್ ಕೀಳಲು ಒಬ್ಬ ಎಲೆಕ್ಟ್ರಿಷಿಯನ್. ಬಂದವರಿಗೆ ಕಂಡದ್ದು ಇಷ್ಟು: ಸೊಪ್ಪಿನ ಗಾಡಿಯವನು ಮೈಕು ಆರಿಸಿ ತಲೆಬಗ್ಗಿಸಿ ಸಾಗುತ್ತಿದ್ದಾನೆ. ಮನೆಮನೆಯ ಬಾಗಿಲೂ ಮುಚ್ಚಿದೆ. ನಾಯಿ ಅಡ್ಡಬಿದ್ದಿದೆ. ನಮ್ಮ ಮನೆಯ ಸೋಫಾ ಹೊರಗಿದೆ. ತೆರೆದ ಬಾಗಿಲಿನ ನೇರಕ್ಕೆ ಎರಡು ದೀಪ, ಊದುಬತ್ತಿ ಹೊಗೆ, ಹೂವು, ನಡುವೆ ಕಲ್ಯಾಣಮ್ಮನವರ ಫೋಟೋ. ಕೆಳಗೆ ಅಂದಿನ ತಾರೀಖು.

ಗಿರಿರಾಜ್ ಗೇಟಿನಲ್ಲೇ ನಿಂತುಬಿಟ್ಟರು. ಅವರು ಆಗ ಪಿಸುಗುಟ್ಟಿದ್ದನ್ನು ಎಲೆಕ್ಟ್ರಿಷಿಯನ್ ಆಮೇಲೆ ನನಗೆ ಹೇಳಿದ: "ಅಯ್ಯೋ ಗುರು, ಅಜ್ಜಿ ಹೋಗ್ಬಿಟ್ರು! ಇಂಥ ದಿನ ನಾನು ಪ್ಲಗ್ ಕೀಳೋಕೆ ಬಂದ್ನಲ್ಲೋ!"

"ಒಳಗೆ ಹಾಡು ಕೇಳ್ತಾ ಇದೆಯಲ್ಲ ಸಾರ್?"

"ಅವ್ರಲ್ಲಿ ಭಜನೆ ಮಾಡಿಸ್ತಾರೆ ಕಣೋ. ಬಾಡಿ ಇನ್ನೂ ಆಸ್ಪತ್ರೆಯಿಂದ ಬಂದಿಲ್ಲ ಅನ್ಸುತ್ತೆ. ಚಪ್ಪಲಿ ಬಿಡು."

ಒಬ್ಬೊಬ್ಬರಾಗಿ ಒಳಗೆ ಬಂದರು. ಗಿರಿರಾಜ್ ನಮ್ಮವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಲ್ಲಿ ನೀರು ತುಂಬಿ, ತಲೆ ಅಲ್ಲಾಡಿಸಿದರು. ನಮ್ಮವರೂ ಕಣ್ಣು ತುಂಬಿಕೊಂಡು ತಲೆ ಅಲ್ಲಾಡಿಸಿದರು. ಕಲೆಗೆ ಇಷ್ಟು ಬೇಗ ಇಷ್ಟೊಂದು ಕರಗುವ ಮನುಷ್ಯ ಎಂದು ಅವರು ಗಿರಿರಾಜರನ್ನು ತಿಳಿದಿರಲಿಲ್ಲ. ಮಾತಾಡುವಂತಿರಲಿಲ್ಲ. ಮೋಹನ್ ಕುಮಾರ್ ಮೂಲೆಯಲ್ಲಿ ಕೂತು ಎಣಿಸುತ್ತಿದ್ದರು. ಸುದ್ದಿ ಗೋಡೆಯಿಂದ ಗೋಡೆಗೆ ಹಬ್ಬಿತು. ಮುಚ್ಚಿದ್ದ ಬಾಗಿಲುಗಳು ತೆರೆದವು. ಹೆಂಗಸರು ತಲೆ ಮೇಲೆ ಸೆರಗು ಹೊದ್ದು ಬಂದು ಕೂತರು. ಹಾಲು ತುಂಬಿತು, ನಡುಮನೆ ತುಂಬಿತು, ಮೆಟ್ಟಿಲು ತುಂಬಿತು.

ಸಾವಿನ ಮನೆಯಲ್ಲಿ ಯಾರೂ ಫೋನು ನೋಡುವುದಿಲ್ಲ. ಯಾರೂ ಮೊದಲು ಏಳುವುದಿಲ್ಲ. ಕಾಫಿ ಕೇಳುವುದಿಲ್ಲ. ಹೀಗೆ ಕೂರುವ ಶ್ರೋತೃಗಳು ಯಾವ ಸಭಾಂಗಣಕ್ಕೂ ಸಿಕ್ಕಿರಲಾರರು. ಮೋಹನ್ ಕುಮಾರರ ಬಾಯಿ ತೆರೆದದ್ದು ತೆರೆದೇ ಇತ್ತು.

ನನಗೆ ಅನುಮಾನ ಬಂದದ್ದು ಚನ್ನಮಲ್ಲಪ್ಪನವರನ್ನು ಕಂಡಾಗ. ಅವರು ನಮ್ಮವರ ದೂರದ ಚಿಕ್ಕಪ್ಪ, ಎರಡು ರಸ್ತೆ ಆಚೆ ಇರುವವರು. ತೋಳುದ್ದದ ಸುಗಂಧರಾಜದ ಹಾರ ಹಿಡಿದು, ಮೂಗು ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದರು. 'ಅಯ್ಯೋ ಮಾವ, ಅಲ್ಲ!' ಎನ್ನಲು ಬಾಯಿ ತೆರೆದೆ. ಸೌಮ್ಯ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಡುವಂತೆ ನೋಡಿದಳು. ಬಾಯಿ ಮುಚ್ಚಿದೆ. ಚನ್ನಮಲ್ಲಪ್ಪ ಜನರ ನಡುವೆ ದಾರಿ ಮಾಡಿಕೊಂಡು ಫೋಟೋದ ಮುಂದೆ ಬಂದು ಹಾರವನ್ನು ಎತ್ತಿ ಹಿಡಿದರು.

ಆಗ ಎರಡನೆಯ ಪದ ಮುಗಿದು ಕಲ್ಲು ನಿಂತಿತು. ಸ್ಟುಡಿಯೋದಲ್ಲಿ ಪದಗಳ ನಡುವೆ ಅತ್ತೆ ಮೊಮ್ಮಗಳ ಜೊತೆ ಆಡಿದ ಮಾತನ್ನು ಸೌಮ್ಯ ತೆಗೆದಿರಲಿಲ್ಲ. ಅಜ್ಜಿ ಇದ್ದ ಹಾಗೇ ಇರಲಿ ಎಂದು ಬಿಟ್ಟಿದ್ದಳು. ಬಲಗಡೆಯಿಂದ, ಚನ್ನಮಲ್ಲಪ್ಪನವರ ಕಿವಿಯ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ, ಆ ದನಿ ನುಡಿಯಿತು:

"ಆ ಚನ್ನಮಲ್ಲಪ್ಪ ನಮ್ಮ ತಾಮ್ರದ ಹಂಡೆ ಒಯ್ದು ವರ್ಷಾತು. ಕೇಳಿದ್ರ ನಾಳಿ ತರ್ತೀನಿ ಅಂತಾನ. ನಾ ಸತ್ತ ಮ್ಯಾಲ ತರ್ತಾನೇನು?"

ಚನ್ನಮಲ್ಲಪ್ಪ ಹಾರದ ಸಮೇತ ಜಮಖಾನೆಯ ಮೇಲೆ ಕುಸಿದರು. ಹೆಂಗಸರೆಲ್ಲ ಒಟ್ಟಿಗೆ ಉಸಿರೆಳೆದರು. ಗಿರಿರಾಜ್ ಎಲೆಕ್ಟ್ರಿಷಿಯನ್ನನ್ನು ತಬ್ಬಿಕೊಂಡರು. ಆದರೂ ಒಬ್ಬರೂ ಏಳಲಿಲ್ಲ. ಎದ್ದರೆ ಆ ದನಿ ತಮ್ಮ ಬಗ್ಗೆ ಏನು ಹೇಳೀತೋ ಎಂಬ ಭಯವೂ ಇದ್ದಿರಬಹುದು.

ಕೊನೆಯ ಪದ ನಡೆಯುತ್ತಿದ್ದಾಗ ಅತ್ತೆ ಹಪ್ಪಳದ ಮೊರ ಹಿಡಿದು ಹೊರಮೆಟ್ಟಿಲಿಂದ ಇಳಿದು ಬಂದರು. ಇಷ್ಟು ಜನ ತಲೆತಗ್ಗಿಸಿ ಕೂತದ್ದು ಕಂಡು ಮೊರವನ್ನು ಬದಿಗಿಟ್ಟು, ತಾವೂ ತಲೆ ಮೇಲೆ ಸೆರಗು ಎಳೆದುಕೊಂಡು ಹಿಂದಿನ ಸಾಲಿನಲ್ಲಿ ಕೂತರು. ಪದ ಮುಗಿದು ಡಿಸ್ಕ್ ನಿಂತಿತು. ಆ ಮೌನದಲ್ಲಿ ಅವರ ಪಿಸುಮಾತು ಎಲ್ಲರಿಗೂ ಕೇಳಿಸಿತು.

"ಯಾರು ಹೋಗ್ಯಾರವ್ವಾ?"

ಪಕ್ಕದ ಹೆಂಗಸು ತಿರುಗದೆ ಬಿಕ್ಕಿದಳು. "ಕೊಟ್ರೇಶ್ ಸಾರ್ ತಾಯಿ, ಆಂಟಿ. ತುಂಬಾ ಒಳ್ಳೆಯವರಂತೆ."

"ಹೌದವ್ವಾ, ಛಲೋ ಹೆಣ್ಮಗಳು," ಎಂದು ಅತ್ತೆ ಒಪ್ಪಿಕೊಂಡರು. ಒಂದು ಕ್ಷಣ ಬಿಟ್ಟು, "ಕೊಟ್ರೇಶಿ ತಾಯಿ ಅಂದ್ರ ನಾನಲ್ಲೇನು?"

ಆಮೇಲೆ ಆದದ್ದನ್ನು ಗದ್ದಲ ಎಂದರೆ ಕಡಿಮೆಯಾದೀತು. ಕಿರುಚಿದವರು, ನಕ್ಕವರು, ಅತ್ತೆಯನ್ನು ಮುಟ್ಟಿ ನೋಡಿದವರು. ಗಿರಿರಾಜ್ "ದೂರು ಕೊಟ್ಟಿದ್ದು ನಾನೇ ಅಮ್ಮ, ಕ್ಷಮಿಸ್ಬೇಕು" ಎಂದು ಕಾಲಿಗೆ ಬಿದ್ದರು. ಚನ್ನಮಲ್ಲಪ್ಪ ಮಾತ್ರ ಹಾರವನ್ನು ಅಲ್ಲೇ ಬಿಟ್ಟು, ಚಪ್ಪಲಿಯನ್ನೂ ಬಿಟ್ಟು, ಗೇಟು ದಾಟಿ ಓಡಿದ್ದರು.

ನಮ್ಮವರು ವಿಜಯಿಯಂತೆ ಮೋಹನ್ ಕುಮಾರ್ ಕಡೆ ತಿರುಗಿದರು. "ಎಷ್ಟಾಯ್ತು ಸಾರ್?"

"ಮೂವತ್ತೇಳು." ಮೋಹನ್ ಕುಮಾರ್ ಕನ್ನಡಕ ಒರೆಸಿಕೊಂಡರು. "ಆದ್ರೆ ಸಾರ್, ಇದು ಲೆಕ್ಕಕ್ಕೆ ಬರಲ್ಲ. ಇವ್ರು ಕೂತಿದ್ದು ಹಾಡಿಗಲ್ಲ, ಸಾವಿಗೆ."

ಸೌಮ್ಯ ಡಿಸ್ಕನ್ನು ಹೊರತೆಗೆಯಲು ಕೈ ಚಾಚಿದಳು. ನಮ್ಮವರ ಬಾಯಿಂದ ಒಂದು ಮಾತೂ ಬರಲಿಲ್ಲ. ನಮ್ಮ ದಾಂಪತ್ಯದಲ್ಲಿ ಇದು ಮೊದಲ ಸಲ.

"ತೆಗೀಬ್ಯಾಡ," ಎಂದರು ಅತ್ತೆ. ಮುಂದೆ ಬಂದು ಬಿದ್ದಿದ್ದ ಹಾರವನ್ನು ಎತ್ತಿಕೊಂಡರು. "ಏನಪಾ, ಎಲ್ಲಾರೂ ಸತ್ತೈತಿ ಅನ್ನೂದು ಈ ಡಿಸ್ಕನ್ನ ಅಲ್ಲೇನು?" ಎಂದು ಮೋಹನ್ ಕುಮಾರರನ್ನು ಕೇಳಿ ಹಾರವನ್ನು ಪ್ಲೇಯರಿಗೆ ಹಾಕಿದರು. "ನಾ ಮಾಳಿಗಿ ಮ್ಯಾಲಿದ್ದೆ, ಕೇಳಿಲ್ಲ. ಮೊದಲಿಂದ ಹಚ್ಚು. ಕೇಳೋರು ಕೇಳ್ಲಿ, ಹೋಗೋರು ಹೋಗ್ಲಿ. ಬಾಗಿಲಾ ತೆಗದೈತಿ."

ಎಲ್ಲರೂ ಎಲ್ಲರ ಮುಖ ನೋಡಿದರು. ಬಾಗಿಲು ತೆರೆದಿತ್ತು. ಯಾರೂ ಸತ್ತಿರಲಿಲ್ಲ. ಕ್ರಿಕೆಟ್ ಮ್ಯಾಚೂ ಇತ್ತು. ಮೊದಲು ಹನುಮಕ್ಕ ಇನ್ನಷ್ಟು ಮುಂದೆ ಸರಿದು ಕೂತರು. ಗಿರಿರಾಜ್ ಫೋನು ಆರಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿದ್ದದ್ದನ್ನೂ ಕಸಿದು ಆರಿಸಿ, ಚಕ್ಕಳಮಕ್ಕಳ ಹಾಕಿ ಕೂತರು. ಸೌಮ್ಯ ಗುಂಡಿ ಒತ್ತಿದಳು. ಕಲ್ಲು ತಿರುಗಿತು.

ಎರಡನೆಯ ಪದ ಮುಗಿಯುವವರೆಗೂ ಹಾಡು, ಕಲ್ಲು, ಉಸಿರಾಟದ ಸದ್ದು ಬಿಟ್ಟರೆ ಏನಿಲ್ಲ. ಆ ಉಸಿರಾಟವೂ ಡಿಸ್ಕಿನದು. ಕಲ್ಲು ನಿಂತಿತು. 'ಆ ಚನ್ನಮಲ್ಲಪ್ಪ ನಮ್ಮ ತಾಮ್ರದ ಹಂಡೆ...' ಎಂದು ದನಿ ಶುರುವಾಯಿತು. ಅದೇ ಗಳಿಗೆಗೆ ಬಾಗಿಲಲ್ಲಿ ಚನ್ನಮಲ್ಲಪ್ಪ, ಬರಿಗಾಲಲ್ಲಿ, ಬೆವರುತ್ತಾ, ಹಂಡೆಯನ್ನು ಕೂಸಿನಂತೆ ಎದೆಗವುಚಿಕೊಂಡು ನಿಂತಿದ್ದರು.

ಅಳು ತಡೆದು ಕೂರುವುದು ಕಷ್ಟ. ನಗು ತಡೆದು ಕೂರುವುದು ತಪಸ್ಸು. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಹನುಮಕ್ಕ ಜೋಪಾನವಾಗಿಟ್ಟಿದ್ದ ಹತ್ತಿಯನ್ನು ಕಚ್ಚಿಕೊಂಡರು. ಗಿರಿರಾಜರ ಭುಜ ಗುಡುಗುಡು ಅಲುಗಿತು. ಆದರೆ ಒಂದೇ ಒಂದು ಸದ್ದೂ ಬರಲಿಲ್ಲ. ಚನ್ನಮಲ್ಲಪ್ಪ ಬೆರಳ ತುದಿಯಲ್ಲಿ ನಡೆದು ಬಂದು, ಠಣ್ ಎನ್ನದಂತೆ ಹಂಡೆಯನ್ನು ಅತ್ತೆಯ ಮುಂದಿಳಿಸಿ, ಅಲ್ಲೇ ಕೂತರು. ಅತ್ತೆ ಹಂಡೆಯನ್ನು ನೋಡಲಿಲ್ಲ. ಕಣ್ಣು ಮುಚ್ಚಿ ತಮ್ಮ ದನಿ ಕೇಳುತ್ತಿದ್ದರು. ಅವರ ಬಲಗೈ ಜಮಖಾನೆಯ ಮೇಲೆ ಮೆಲ್ಲಗೆ ಸುತ್ತು ತಿರುಗುತ್ತಿತ್ತು.

ಕೊನೆಯ ಪದವೂ ಮುಗಿಯಿತು. ಕೂಡಿಟ್ಟ ನಗು ಆಗ ಒಡೆಯಿತು. ನಾಯಿ ಎದ್ದು ಬೊಗಳಿತು. ಗೌರಿ ಬಟ್ಟೆ ಸುತ್ತಿದ ಗಂಟೆಯನ್ನೇ ಅಲ್ಲಾಡಿಸಿದಳು. ಮೋಹನ್ ಕುಮಾರ್ ಎದ್ದು ಸೌಮ್ಯಳ ಬಳಿ ಬಂದು, "ಆ ಹಂಡೆ ಮಾತು ತೆಗೀಬೇಡ ಕಣಮ್ಮ. ಐನೂರರಲ್ಲೂ ಇರ್ಲಿ," ಎಂದರು. ಸೌಮ್ಯ ಅಜ್ಜಿಯ ಹೆಗಲ ಮೇಲೆ ಮುಖವಿಟ್ಟಳು.

ಸೋಮವಾರ ನಮ್ಮವರು ಬ್ಯಾಂಕಿನಲ್ಲಿ ನಡೆದದ್ದನ್ನೆಲ್ಲ ನಡೆದಂತೆಯೇ ಹೇಳಿದರಂತೆ. ಮೂವತ್ತೆಂಟು ಜನ, ಹಂಡೆಯೊಂದಿಗೆ ಬಂದವರೂ ಸೇರಿ, ಫೋನು ಮುಟ್ಟದೆ, ಎರಡು ಸಲ, ಒಂದು ಡಿಸ್ಕನ್ನು ಕೂತು ಕೇಳಿದರು ಎಂದು. ಒಂದು ಅಕ್ಷರವನ್ನೂ ದೊಡ್ಡದು ಮಾಡಲಿಲ್ಲವಂತೆ.

ಒಬ್ಬರೂ ನಂಬಲಿಲ್ಲ. ನಂಬದವರು ಬರಬಹುದು. ಹಂಡೆ ನಮ್ಮ ಹಿತ್ತಲಲ್ಲೇ ಇದೆ.